ಚಿಟ್ಟೆ ಗುರುತಿಸಬೇಕಾ? ಮೊದಲು ಗಿಡ ನೋಡಿ

ಹಾರುವ ಚಿಟ್ಟೆಯ ಹಿಂದೆ ಓಡಿ ಅದರ ಹೆಸರು ಕಂಡುಹಿಡಿಯುವುದು ಕಷ್ಟ. ಫೋಟೊ ತೆಗೆಯೋಣ ಅಂದುಕೊಳ್ಳುವಷ್ಟರಲ್ಲಿ ಬೇಲಿ ದಾಟಿರುತ್ತದೆ. ಚಿಟ್ಟೆಯಾಗುವ ಮೊದಲಿನ ಹುಳು ಹಾಗಲ್ಲ, ಮೇಯುವ ಗಿಡದಲ್ಲೇ ಸಿಗುತ್ತದೆ. ಅದೂ ಸಿಕ್ಕ ಸೊಪ್ಪನ್ನೆಲ್ಲ ತಿನ್ನುವುದಿಲ್ಲ. ಬಹುತೇಕ ಚಿಟ್ಟೆಗಳ ಹುಳುವಿಗೆ ಇಂಥದ್ದೇ ಗಿಡ ಆಗಬೇಕು. ಬೇರೆ ಎಲೆ ಹಾಕಿದರೆ ಉಪವಾಸ ಸಾಯುತ್ತದೆಯೇ ಹೊರತು ಬಾಯಿ ಇಡುವುದಿಲ್ಲ. ಗಿಡ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಹಂತ 1: ಎಲೆ ಸುತ್ತುವ ಚಿಟ್ಟೆಯನ್ನು ಗಮನಿಸಿ

ಹೂವಿನ ಮೇಲೆ ಕೂತದ್ದು ಊಟಕ್ಕೆ ಬಂದ ಚಿಟ್ಟೆ. ಅದನ್ನು ಬಿಡಿ. ಹೂವೇ ಇಲ್ಲದ ಗಿಡದಲ್ಲಿ ಎಲೆಯಿಂದ ಎಲೆಗೆ ಇಳಿದು ಏಳುತ್ತಿದ್ದರೆ ಅದು ಮೊಟ್ಟೆಯಿಡಲು ಬಂದ ಹೆಣ್ಣು. ಮುಂಗಾಲಿನಿಂದ ಎಲೆ ತಟ್ಟಿ ರುಚಿ ನೋಡುತ್ತದೆ. ಹೌದು, ಚಿಟ್ಟೆಗೆ ಕಾಲಿನಲ್ಲೂ ರುಚಿ ತಿಳಿಯುತ್ತದೆ! ಸರಿಯಾದ ಗಿಡ ಅನ್ನಿಸಿದರೆ ಹೊಟ್ಟೆಯ ತುದಿ ಬಗ್ಗಿಸಿ ಮೊಟ್ಟೆ ಅಂಟಿಸಿ ಹೊರಡುತ್ತದೆ.

ಹಂತ 2: ಕರಿಬೇವು, ನಿಂಬೆಯಿಂದ ಶುರು ಮಾಡಿ

ಎಳೆ ಚಿಗುರಿನಲ್ಲಿ ಸಾಸಿವೆಗಿಂತ ಚಿಕ್ಕದಾದ, ತಿಳಿಹಳದಿ ಬಣ್ಣದ ದುಂಡು ಮೊಟ್ಟೆ ಇದೆಯಾ ನೋಡಿ. ಮೂರು ನಾಲ್ಕು ದಿನದಲ್ಲಿ ಹುಳು ಹೊರಬರುತ್ತದೆ. ಕಂದು ಮೈ, ನಡುವೆ ಬಿಳಿ ಮಚ್ಚೆ, ಮೇಲೆ ಒದ್ದೆ ಹೊಳಪು. ಥೇಟ್ ಹಕ್ಕಿಯ ಹಿಕ್ಕೆ! ನಾನೇ ಒಮ್ಮೆ ನೀರು ಹಾಕಿ ತೊಳೆಯಲು ಹೋಗಿದ್ದೆ. ಹಿಕ್ಕೆ ಮೆಲ್ಲಗೆ ನಡೆದುಹೋಯಿತು. ಹಕ್ಕಿಗಳೂ ಮೋಸ ಹೋಗಲಿ ಅಂತಲೇ ಈ ವೇಷ.

ನಾಲ್ಕು ಸಲ ಪೊರೆ ಬಿಟ್ಟ ಮೇಲೆ ಹುಳು ಹಸಿರಾಗುತ್ತದೆ. ಈಗ ಬೆರಳಿನಿಂದ ಮೆಲ್ಲಗೆ ಮುಟ್ಟಿ. ತಲೆಯ ಹಿಂದಿನಿಂದ ಹಾವಿನ ನಾಲಗೆಯಂಥ ಕವಲು ಕೊಂಬು ಹೊರಬಂದು ಘಾಟು ವಾಸನೆ ಹೊಡೆಯುತ್ತದೆ. ಕಚ್ಚುವುದಿಲ್ಲ, ಸುಮ್ನೆ ಹೆದರಿಸುತ್ತದೆ ಅಷ್ಟೇ. ಇದು ಲೈಮ್ ಬಟರ್‌ಫ್ಲೈ ಅಥವಾ ಕಾಮನ್ ಮಾರ್ಮನ್. ಎರಡರ ಹುಳುವೂ ಹೆಚ್ಚುಕಡಿಮೆ ಒಂದೇ ಥರ. ಯಾವುದೆಂದು ರೆಕ್ಕೆ ಬಂದ ಮೇಲೆ ನೋಡೋಣ.

ಹಂತ 3: ಉಳಿದ ಗಿಡಗಳನ್ನೂ ತಿರುವಿ ನೋಡಿ

ಎಕ್ಕದ ಎಲೆಯ ಅಡಿಯಲ್ಲಿ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು, ಮೈಮೇಲೆ ಮೂರು ಜೊತೆ ಕಪ್ಪು ಎಳೆಗಳು ಕಂಡರೆ ಪ್ಲೇನ್ ಟೈಗರ್. ಎಕ್ಕದ ವಿಷ ಮೈಯಲ್ಲಿ ಸೇರಿರುವುದರಿಂದ ಬಚ್ಚಿಟ್ಟುಕೊಳ್ಳುವ ಗೋಜು ಇದಕ್ಕಿಲ್ಲ. ನೀವು ಮಾತ್ರ ಎಕ್ಕದ ಹಾಲು ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ, ಕೈ ತೊಳೆಯಿರಿ. ಕಣಗಿಲೆಯಲ್ಲಿ ಇಂಥ ಎಳೆಗಳು ನಾಲ್ಕು ಜೊತೆ ಇರುವ ಹುಳು ಕಂಡರೆ ಕಾಮನ್ ಕ್ರೋ. ಇದರ ಕೋಶ (ಹುಳು ಚಿಟ್ಟೆಯಾಗಿ ಬದಲಾಗುವ ಗೂಡು) ಬೆಳ್ಳಿ ಲೋಲಕದ ಹಾಗೆ ಹೊಳೆಯುತ್ತದೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಚೆಂದ. ಹರಳು ಗಿಡದ ಮುಳ್ಳುಮುಳ್ಳಾದ ಹಸಿರು ಹುಳು ಕಾಮನ್ ಕ್ಯಾಸ್ಟರ್ ಚಿಟ್ಟೆಯದು. ಕಕ್ಕೆ ಮರದಲ್ಲಿ ಕಾಮನ್ ಎಮಿಗ್ರೆಂಟ್, ಸೀತಾಫಲದಲ್ಲಿ ಟೇಲ್ಡ್ ಜೇ ಸಿಗುತ್ತವೆ.

ಮೈತುಂಬ ಕೂದಲಿದ್ದು ಮುಟ್ಟಿದರೆ ನವೆ ಬರಿಸುವ ಕಂಬಳಿಹುಳುಗಳು ಹೆಚ್ಚಾಗಿ ಪತಂಗದವು. ದೂರವಿರಿ.

ಹಂತ 4: ಒಂದನ್ನು ಸಾಕಿ

ಅಗಲ ಬಾಯಿಯ ಡಬ್ಬಿ, ಮೇಲೆ ತೆಳು ಬಟ್ಟೆ, ಒಳಗೊಂದು ಕಡ್ಡಿ. ದಿನಾ ಅದೇ ಗಿಡದ ತಾಜಾ ಎಲೆ ಹಾಕಿ, ಹಿಕ್ಕೆ ತೆಗೆಯಿರಿ. ಔಷಧಿ ಹೊಡೆದ ಎಲೆ ಬೇಡವೇ ಬೇಡ. ಸುಮಾರು ಎರಡು ವಾರಕ್ಕೆ ಹುಳು ಮೇವು ಬಿಟ್ಟು ಅಲೆದಾಡಿ, ಕಡ್ಡಿ ಹಿಡಿದು ಕೋಶವಾಗುತ್ತದೆ. ಆಮೇಲೆ ಅದನ್ನು ಅಲುಗಿಸಬೇಡಿ. ಕೆಲವೊಮ್ಮೆ ಚಿಟ್ಟೆಯ ಬದಲು ಪುಟ್ಟ ಕಣಜಗಳು ಹೊರಬರುತ್ತವೆ. ಅವುಗಳ ತಾಯಿ ನಿಮಗಿಂತ ಮೊದಲೇ ಹುಳುವನ್ನು ಕಂಡು ಅದರಲ್ಲಿ ಮೊಟ್ಟೆಯಿಟ್ಟಿತ್ತು ಅಂತ ಅರ್ಥ. ಬೇಜಾರಾಗುತ್ತದೆ, ಆದರೆ ನಿಮ್ಮ ತಪ್ಪಲ್ಲ.

ಹಂತ 5: ಈಗ ರೆಕ್ಕೆ ನೋಡಿ

ಕೋಶದಿಂದ ಬಂದ ಚಿಟ್ಟೆಗೆ ರೆಕ್ಕೆ ಒಣಗಲು ಗಂಟೆ, ಎರಡು ಗಂಟೆ ಬೇಕು. ಫೋಟೊಗೆ ಇದೇ ಸಮಯ. ಕಪ್ಪು ರೆಕ್ಕೆಯಲ್ಲಿ ತಿಳಿಹಳದಿ ಚುಕ್ಕೆ, ಹಿಂರೆಕ್ಕೆಯ ಮೂಲೆಯಲ್ಲಿ ಕೆಂಪು ಬೊಟ್ಟು, ಬಾಲವಿಲ್ಲ ಅಂದರೆ ಲೈಮ್. ಬಾಲವಿದ್ದು ಹಿಂರೆಕ್ಕೆಗೆ ಅಡ್ಡಲಾಗಿ ಬಿಳಿ ಮಚ್ಚೆಗಳ ಸಾಲಿದ್ದರೆ ಮಾರ್ಮನ್.

ಹೆಣ್ಣು ಮಾರ್ಮನ್ ಮಾತ್ರ ಜಾಸ್ತಿ ಕಾಡುತ್ತದೆ. ಈಶ್ವರಿ ಬಳ್ಳಿ ತಿಂದು ವಿಷ ತುಂಬಿಕೊಂಡ ಕಾಮನ್ ರೋಸ್ ಚಿಟ್ಟೆಯನ್ನು ಹಕ್ಕಿಗಳು ಮುಟ್ಟುವುದಿಲ್ಲ. ಹಲವು ಹೆಣ್ಣು ಮಾರ್ಮನ್‌ಗಳ ರೆಕ್ಕೆ ಅದರದ್ದೇ ನಕಲು. ರೆಕ್ಕೆ ಬಿಟ್ಟು ಮೈ ನೋಡಿ: ಕೆಂಪಿದ್ದರೆ ರೋಸ್, ಕಪ್ಪಿದ್ದರೆ ಮಾರ್ಮನ್. ಕರಿಬೇವಿನಲ್ಲಿ ಸಾಕಿದವರಿಗೆ ಈ ಗೊಂದಲವೇ ಇಲ್ಲ, ಅಲ್ವಾ?