ಓಗರ ಅಂದರೆ ಏನು, ಎಲ್ಲಿ ಬಳಸಬೇಕು?

ಓಗರ ಅಂದರೆ ಅನ್ನ, ಊಟ. ಹಳೆಯ ಪದ, ಆದರೆ ಸತ್ತಿಲ್ಲ. ಪುಳಿಯೋಗರೆಯನ್ನೇ ಬಿಡಿಸಿ ನೋಡಿ: ಪುಳಿ ಅಂದರೆ ಹುಳಿ, ಅದರ ಜೊತೆ ಓಗರ. ಹುಣಸೆಹಣ್ಣಿನ ಗೊಜ್ಜು ಕಲಸಿ, ಅಗುಳು ಅಗುಳಿಗೂ ಎಣ್ಣೆ ಹತ್ತಿ ಮಿನುಗುವ ಆ ಅನ್ನಕ್ಕೆ ಇದಕ್ಕಿಂತ ಒಳ್ಳೆ ಹೆಸರು ಬೇಕಾ? ಅನ್ನಕ್ಕೆ ಕಲಸಿಕೊಳ್ಳುವ ಪದಾರ್ಥ ಮೇಲೋಗರ. ದಾರಿಗೆ ಕಟ್ಟಿಕೊಂಡ ಬುತ್ತಿ ಕಟ್ಟೋಗರ. ಎಲ್ಲ ಬೆರೆತು ಗೊಂದಲವಾದರೆ 'ಕಲಸುಮೇಲೋಗರ' ಅಂತೀವಿ ಅಲ್ವಾ, ಅದೂ ಇದೇ ಬಳಗ.

ಬರೀ 'ಓಗರ ಆಯ್ತಾ?' ಅಂತ ಕೇಳಿದರೆ ಈಗ ಜಾಸ್ತಿ ಜನಕ್ಕೆ ತಿಳಿಯುವುದಿಲ್ಲ, ಹಾಗಾಗಿ ಮಾತಿನಲ್ಲಿ ಸುಮ್ನೆ ತುರುಕಬೇಡಿ. ಕಥೆ, ಕವನದಲ್ಲಿ ಚೆನ್ನಾಗಿ ಕೂರುತ್ತದೆ. ಮನೆಯಲ್ಲಾದರೆ ಮಕ್ಕಳ ಡಬ್ಬಿಗೆ ಚಿತ್ರಾನ್ನ ತುಂಬುವಾಗ 'ಕಟ್ಟೋಗರ ರೆಡಿ' ಅನ್ನಿ.