ಬಾಕ್ಸ್ ಫಿಶ್ ಗಾಬರಿಯಾಗದಂತೆ ತೊಟ್ಟಿಗೆ ಬಿಡುವುದು ಹೇಗೆ?

ಹಳದಿ ಮೈ, ಕಪ್ಪು ಚುಕ್ಕಿ, ಡಬ್ಬಿಯಂಥ ಆಕಾರ. ಬಾಕ್ಸ್ ಫಿಶ್ ಎಂಬ ಈ ಸಮುದ್ರ ಮೀನಿನ ಮರಿ ನೋಡಿದರೆ ಯಾರಿಗೂ ಮುದ್ದು ಬರುತ್ತದೆ. ತಂದವರು ಸುಮ್ನೆ ಬಲೆಯಲ್ಲಿ ಎತ್ತಿ ತೊಟ್ಟಿಗೆ ಬಿಡುತ್ತಾರೆ. ಆಮೇಲೆ ಉಳಿದ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಈ ಮೀನಿಗೆ ವಿಷದ ಮುಳ್ಳಿಲ್ಲ. ವಿಷವೆಲ್ಲ ಚರ್ಮದ ಲೋಳೆಯಲ್ಲಿ. ಹವಾಯಿಯ ಬಾಕ್ಸ್ ಫಿಶ್‌ನಲ್ಲಿ ಸಿಕ್ಕ ಈ ವಿಷದ ವಿವರ 1967ರಲ್ಲಿ ಪ್ರಕಟವಾಯಿತು, ಹೆಸರು ಪಹುಟಾಕ್ಸಿನ್. ಗಟ್ಟಿ ಕವಚದ ಈ ಮೀನು ವೇಗವಾಗಿ ಈಜಿ ತಪ್ಪಿಸಿಕೊಳ್ಳಲಾರದು. ಹೆದರಿದಾಗ ಲೋಳೆ ಬಿಡುತ್ತದೆ, ಬಾಯಿ ಹಾಕಿದ ಬೇಟೆಗಾರ ಮೀನು ಉಗುಳುತ್ತದೆ. ಸಮುದ್ರದಲ್ಲಿ ಆ ಲೋಳೆ ಬೇಗ ತೆಳುವಾಗುತ್ತದೆ. ತೊಟ್ಟಿಯಲ್ಲಿ ಅದು ಎಲ್ಲಿಗೆ ಹೋಗಬೇಕು? ಸೋಪಿನ ಹಾಗೆ ನೊರೆ ಬರಿಸುವ ಈ ವಿಷ ಬೇರೆ ಮೀನುಗಳ ಪ್ರಾಣವನ್ನೇ ತೆಗೆಯುತ್ತದೆ. ಇಕ್ಕಟ್ಟಿನಲ್ಲಿ ಬಾಕ್ಸ್ ಫಿಶ್ಶೂ ಉಳಿಯುವುದಿಲ್ಲ.

ಮೊದಲು ತೊಟ್ಟಿ. ದೊಡ್ಡದೇ ಬೇಕು, ಇದು 45 ಸೆಂ.ಮೀ.ವರೆಗೆ ಬೆಳೆಯುತ್ತದೆ. ಕಚ್ಚುವ ಮೀನು ಜೊತೆಗಿರಬಾರದು. ಫಿಲ್ಟರ್‌ಗೆ ಹೊಸ ಆಕ್ಟಿವೇಟೆಡ್ ಕಾರ್ಬನ್ (ನೀರಿನ ಕಲ್ಮಶ ಹೀರುವ ಇದ್ದಿಲು) ಹಾಕಿ.

ಈಗ ಕಷ್ಟದ ಭಾಗ. ದೀಪ ಆರಿಸಿ. ಚೀಲವನ್ನು ಬಿಚ್ಚದೆ ತೊಟ್ಟಿಯಲ್ಲಿ ತೇಲಿಬಿಟ್ಟು, ಒಳಗಿನ ನೀರು ತೊಟ್ಟಿ ನೀರಿನಷ್ಟೇ ಬೆಚ್ಚಗಾಗುವ ತನಕ ಕಾಯಿರಿ. ನಂತರ ಮೀನನ್ನು ಚೀಲದ ನೀರಿನ ಸಮೇತ ಅಗಲವಾದ ಬಕೆಟ್‌ಗೆ ನಿಧಾನವಾಗಿ ಬಿಡಿ. ಸಣ್ಣ ಕೊಳವೆಗೆ ಸಡಿಲ ಗಂಟು ಹಾಕಿ ತೊಟ್ಟಿ ನೀರನ್ನು ಹನಿಹನಿಯಾಗಿ ಬೀಳಿಸಿ. ನೀರಿನ ಮೇಲೆ ಆರದ ನೊರೆ ಕಂಡರೆ, ಕಿವಿರು ಜೋರಾಗಿ ಬಡಿಯುತ್ತಿದ್ದರೆ ಕಾಯಬೇಡಿ. ಅಷ್ಟೇ ಉಪ್ಪು, ಅಷ್ಟೇ ಬಿಸಿಯ ಬೇರೆ ನೀರಿಗೆ ತಕ್ಷಣ ಬದಲಿಸಿ. ಆಗಲೂ, ಕೊನೆಗೆ ತೊಟ್ಟಿಗೆ ಸಾಗಿಸುವಾಗಲೂ ಬಲೆ ಬೇಡವೇ ಬೇಡ. ಪಾರದರ್ಶಕ ಡಬ್ಬಿಯನ್ನು ನೀರಲ್ಲಿ ಮುಳುಗಿಸಿ, ಮೀನು ತಾನಾಗಿ ಒಳಬರುವ ತನಕ ಹಿಡಿದಿರಿ. ಡಬ್ಬಿಯ ನೀರನ್ನು ಅರ್ಧ ಚೆಲ್ಲಿ ತೊಟ್ಟಿ ನೀರು ತುಂಬಿ. ಇದನ್ನೇ ಮೂರ್ನಾಲ್ಕು ಸಲ ಮಾಡಿ. ಕೊನೆಗೆ ಡಬ್ಬಿಯನ್ನು ತೊಟ್ಟಿಯೊಳಗೆ ಇಳಿಸಿ. ಮೀನು ತಾನೇ ಹೊರಬರಲಿ, ಬಗ್ಗಿಸಿ ಸುರಿಯಬೇಡಿ. ಬಕೆಟ್‌ನ ನೀರು ಚರಂಡಿಗೇ ಹೋಗಬೇಕು.

ನೀರು ಶುದ್ಧ ಮಾಡುತ್ತೇವೆಂದು ಮಾರುವ ಬಾಟಲಿ ದ್ರಾವಣಗಳನ್ನು ನಂಬಬೇಡಿ. ಅವು ಹೆಚ್ಚಾಗಿ ಕ್ಲೋರಿನ್, ಅಮೋನಿಯಾ ಹೋಗಲಾಡಿಸಲು, ಈ ವಿಷಕ್ಕಲ್ಲ. ಅಮೋನಿಯಾ ಪರೀಕ್ಷೆಯ ಕಿಟ್‌ನಲ್ಲೂ ಈ ವಿಷ ಕಾಣದು.

ಮೀನುಗಳು ಏದುಸಿರು ಬಿಟ್ಟರೆ ಮೊದಲು ಅವನ್ನು ಬೇರೆ ನೀರಿಗೆ ಸಾಗಿಸಿ, ಆಮೇಲೆ ತೊಟ್ಟಿಯ ನೀರು ಬದಲಿಸಿ. ಅದಕ್ಕೆ ಬೇಕಾದ ಉಪ್ಪುನೀರನ್ನು ಮೀನು ತರುವ ಹಿಂದಿನ ದಿನವೇ ಕಲಸಿಟ್ಟಿರಿ.