ಹೂಮಳೆ ಬರುವ ಮುನ್ನ: ನನ್ನ ಹಿತ್ತಲಿನ ಎರಡು ತಿಂಗಳು

ನಾನು ಹುಟ್ಟಿ ಬೆಳೆದದ್ದು ಅರಸೀಕೆರೆಯ ಬಯಲಿನಲ್ಲಿ. ಮದುವೆಯಾಗಿ ಬಂದದ್ದು ಚಿಕ್ಕಮಗಳೂರಿನ ಆಲ್ದೂರು ಕಡೆಗೆ. ತೆಂಗಿನ ಸಸಿಯ ಬುಡಕ್ಕೆ ಬಿಂದಿಗೆ ಎಣಿಸಿ ನೀರು ಹೊಯ್ದ ಕೈ ನನ್ನದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಟ್ಟ ಬಟ್ಟೆಯೇ ಒಣಗದ ಈ ಸೀಮೆಯನ್ನು ಕಂಡಾಗ, ಇನ್ನು ಈ ಜನ್ಮದಲ್ಲಿ ಗಿಡಕ್ಕೆ ನೀರಿನ ಚಿಂತೆ ಇಲ್ಲ ಎಂದುಕೊಂಡಿದ್ದೆ. ಆ ನಂಬಿಕೆ ಕಳಚಿ ಬೀಳುವುದಕ್ಕೆ ಒಂದೇ ಒಂದು ಮಾಘಮಾಸ ಸಾಕಾಯಿತು.

ಅತ್ತೆಯವರು ಹಿತ್ತಲನ್ನು ನನ್ನ ಕೈಗೆ ಬಿಟ್ಟುಕೊಟ್ಟ ಮೊದಲ ವರ್ಷ. ಕಾಫಿ ಕೊಯ್ಲು ಮುಗಿಯುತ್ತ ಬಂದಿತ್ತು, ನನಗೆ ಬಿಡುವು ಸಿಕ್ಕಿತ್ತು. ವಸಂತ ಬರುವ ಮೊದಲು ತೋಟದಲ್ಲಿ ಮಾಡಬೇಕಾದ ಕೆಲಸಗಳ ಪಟ್ಟಿಯೊಂದನ್ನು ಎಲ್ಲಿಯೋ ಓದಿದ್ದೆ: ಉದುರಿದ ಎಲೆ ಗುಡಿಸು, ಮಣ್ಣು ಅಗೆದು ಗಾಳಿಯಾಡಿಸು, ಕೊಂಬೆ ಸವರು, ಗೊಬ್ಬರ ಕೊಡು. ಅಕ್ಷರ ಬಿಡದೆ ಪಾಲಿಸಿದೆ. ಸಿಲ್ವರ್ ಓಕ್ ಮತ್ತು ಹಲಸಿನ ತರಗನ್ನೆಲ್ಲ ಗುಡಿಸಿ ಸುಟ್ಟೆ. ಪಾತಿಗಳನ್ನು ಒಂದು ಗೇಣು ಆಳ ಅಗೆದೆ. ದಾಸವಾಳ, ಸೀಬೆ, ನಿಂಬೆ ಎಲ್ಲವನ್ನೂ ಸವರಿದೆ, ಬುಡಕ್ಕೆ ಒಂದೊಂದು ಹಿಡಿ ಯೂರಿಯಾ ಹಾಕಿದೆ. ಹಿತ್ತಲು ಹಬ್ಬಕ್ಕೆ ಸಾರಿಸಿದ ಅಂಗಳದಂತೆ ಕಾಣುತ್ತಿತ್ತು.

ಮೂರು ವಾರ ಕಳೆಯುವಷ್ಟರಲ್ಲಿ ಮಣ್ಣು ಇಟ್ಟಿಗೆಯಾಯಿತು. ಸವರಿದ ದಾಸವಾಳ ಚಿಗುರಿತು, ಆ ಚಿಗುರಿನ ತುಂಬ ಹಿಟ್ಟು ತಿಗಣೆ ಹತ್ತಿತು. ಐದು ವರ್ಷದ ನಿಂಬೆಗಿಡ ತುದಿಯಿಂದ ಒಣಗುತ್ತ ಬಂದು ಶಿವರಾತ್ರಿಯ ಹೊತ್ತಿಗೆ ಕಡ್ಡಿಯಾಗಿ ನಿಂತಿತು. ಅತ್ತೆ ಬಂದು ನೋಡಿದರು. ಬೈಯಲಿಲ್ಲ. ‘ನೆಲದ ಮೈಮೇಲಿನ ಕಂಬಳಿ ತೆಗೆದುಬಿಟ್ಟೆಯಲ್ಲಮ್ಮ’ ಎಂದರು.

ಆ ಪಟ್ಟಿ ಸುಳ್ಳಾಗಿರಲಿಲ್ಲ, ಅದು ನಮ್ಮ ನೆಲಕ್ಕೆ ಬರೆದದ್ದಾಗಿರಲಿಲ್ಲ, ಅಷ್ಟೇ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲ ಮುಗಿಯುವಾಗ ಮಣ್ಣಿನಲ್ಲಿ ನೀರು ಇರುತ್ತದೆ, ಇಲ್ಲದಿರುವುದು ಬಿಸಿ. ಬಿಸಿಲು ಬಂದೊಡನೆ ಗಿಡ ಏಳುತ್ತದೆ, ಮನುಷ್ಯನೂ ಗುದ್ದಲಿ ಹಿಡಿದು ಏಳಬೇಕಾಗುತ್ತದೆ. ನಮ್ಮಲ್ಲಿ ಬಿಸಿಲಿಗೆ ಎಂದೂ ಬರವಿಲ್ಲ. ದೀಪಾವಳಿ ದಾಟಿದ ಮೇಲೆ ಮಳೆ ಹಿಂದೆಗೆದರೆ ಮತ್ತೆ ಹನಿ ಕಾಣುವುದು ಸಾಮಾನ್ಯವಾಗಿ ಫೆಬ್ರವರಿ ಕೊನೆ, ಮಾರ್ಚ್ ಅಥವಾ ಅದಕ್ಕೂ ಆಚೆ, ಕಾಫಿ ಅರಳಿಸುವ ಹೂಮಳೆಯ ರೂಪದಲ್ಲಿ. ಶಿವರಾತ್ರಿಗೆ ಚಳಿ ಶಿವಶಿವ ಎಂದು ಹೊರಟುಹೋಗುತ್ತದೆ, ಮಳೆ ಮಾತ್ರ ಬಂದಿರುವುದಿಲ್ಲ. ಮಲೆನಾಡಿನ ಹಿತ್ತಲು ವರ್ಷದಲ್ಲಿ ಅತಿ ಹೆಚ್ಚು ಬಾಯಾರುವುದು ಈ ಸಂದಿಯಲ್ಲಿಯೇ. ಆದ್ದರಿಂದ ನನ್ನ ಕೆಲಸದ ಸರದಿಯನ್ನೇ ತಿರುಗಿಸಿಕೊಂಡೆ. ಮೊದಲು ನೆಲ ಮುಚ್ಚುವುದು, ಆಮೇಲೆ ನೀರಿನ ದಾರಿ ನೋಡುವುದು, ಕತ್ತರಿ ಮತ್ತು ಗುದ್ದಲಿ ಎಲ್ಲಕ್ಕಿಂತ ಕೊನೆಗೆ.

ಸಂಕ್ರಾಂತಿ ಮುಗಿದ ಮಾರನೆಯ ವಾರ ತರಗಿನ ಕೆಲಸಕ್ಕೆ ಇಳಿಯುತ್ತೇನೆ. ಆಗ ಕಾಫಿಗೆ ನೆರಳಾಗಿ ಬೆಳೆಸುವ ಹಾಲುವಾಣದ ಮರ ಎಲೆ ಉದುರಿಸಿಕೊಂಡು ಕೆಂಪು ಹೂವು ಹೊತ್ತಿರುತ್ತದೆ, ಸಿಲ್ವರ್ ಓಕ್ ದಿನವೂ ಎಲೆ ಸುರಿಸುತ್ತಿರುತ್ತದೆ. ಎರಡೂ ಎಲೆ ಒಂದೇ ಅಲ್ಲ. ಹಾಲುವಾಣದ್ದು ಬೇಗ ಕರಗಿ ಮಣ್ಣಿಗೆ ಸಾರ ಕೊಡುತ್ತದೆ, ಸಿಲ್ವರ್ ಓಕಿನದ್ದು ತಿಂಗಳುಗಟ್ಟಲೆ ಹಾಗೆಯೇ ಕೂತಿರುತ್ತದೆ. ಕೆಳಗೆ ಹಾಲುವಾಣ, ಮೇಲೆ ಸಿಲ್ವರ್ ಓಕ್ ಎಂದು ಹಾಸುತ್ತೇನೆ. ಒಣ ಮಣ್ಣಿನ ಮೇಲೆ ತರಗು ಹೊದಿಸಿದರೆ ಒಣಗನ್ನೇ ಕಾಪಾಡಿದಂತಾಗುತ್ತದೆ. ಅದಕ್ಕಾಗಿ ಹಿಂದಿನ ಸಂಜೆ ಪಾತಿಗೆ ನಿಧಾನವಾಗಿ ನೀರುಣಿಸಿ, ಬೆಳಗ್ಗೆ ನಾಲ್ಕು ಬೆರಳು ದಪ್ಪ ಹಾಸುತ್ತೇನೆ. ಕಾಂಡದ ಸುತ್ತ ಒಂದು ಅಂಗೈ ಜಾಗ ಬರಿದಾಗಿರಬೇಕು. ಕಾಂಡಕ್ಕೆ ತಾಗಿಸಿದರೆ ಗೆದ್ದಲು ತರಗಿನ ನೆಪದಲ್ಲಿ ತೊಗಟೆಗೇ ಬರುತ್ತದೆ. ಒಮ್ಮೆ ಸಪೋಟದ ಎಳೆಗಿಡವನ್ನು ಹಾಗೆ ಕಳೆದುಕೊಂಡಿದ್ದೇನೆ.

ತರಗು ಬೆಂಕಿಗೂ ಆಹಾರ, ಇದನ್ನು ಮರೆಯುವಂತಿಲ್ಲ. ಫೆಬ್ರವರಿ, ಮಾರ್ಚ್ ನಮ್ಮ ಗುಡ್ಡಗಳಿಗೆ ಕಿಚ್ಚು ಬೀಳುವ ಕಾಲ. ರಸ್ತೆಯ ಬದಿಯ ಬೇಲಿಯುದ್ದಕ್ಕೂ ಎರಡು ಮಾರು ಅಗಲ ಜಾಗದಲ್ಲಿ ಒಂದು ಒಣ ಎಲೆಯೂ ಇರದಂತೆ ಕೆರೆದು ಮಣ್ಣು ಬಿಡಿಸುತ್ತೇನೆ. ನೆಲ ಮುಚ್ಚಬೇಕೆಂದು ಇಷ್ಟು ಹೇಳುವ ನಾನು ಕೈಯಾರೆ ನೆಲ ಬೋಳಿಸುವುದು ಅಲ್ಲಿ ಮಾತ್ರ.

ನೀರಿನ ವಿಚಾರಕ್ಕೆ ತವರಿನ ಬುದ್ಧಿಯೇ ಒದಗಿತು. ಬಾವಿಯ ನೀರು ಮಾಘದಲ್ಲಿ ಕೆಳಗಿಳಿಯುತ್ತದೆ, ಪೈಪು ಹಿಡಿದು ಎರಚಿದರೆ ಅರ್ಧ ನೀರು ಗಾಳಿಪಾಲು. ಸಂತೆಯಿಂದ ಐದಾರು ಲೀಟರ್ ಹಿಡಿಯುವ ಮಣ್ಣಿನ ಮಡಕೆಗಳನ್ನು ತಂದು, ನಾಲ್ಕು ಗಿಡಗಳ ನಡುವೆ ಒಂದರಂತೆ ಕತ್ತಿನವರೆಗೆ ಹೂತಿದ್ದೇನೆ. ಮಡಕೆಗೆ ಬಣ್ಣ ಅಥವಾ ಹೊಳಪು ಬಳಿದಿರಬಾರದು. ಬಳಿದರೆ ನೀರು ಜಿನುಗುವುದಿಲ್ಲ. ಮಣ್ಣು ಒಣಗಿದಷ್ಟೂ ಮಡಕೆಯಿಂದ ನೀರು ಹೆಚ್ಚು ಎಳೆಯುತ್ತದೆ, ತೇವ ಇದ್ದಾಗ ತಾನೇ ನಿಧಾನವಾಗುತ್ತದೆ. ಬದನೆ ಮತ್ತು ಮೆಣಸಿನ ಗಿಡಗಳಿಗೆ ಮೂರು ದಿನಕ್ಕೊಮ್ಮೆ ತುಂಬಿಸಿದರೆ ಸಾಕು. ಬಾಯಿಗೆ ಚಪ್ಪಟೆ ಕಲ್ಲು ಮುಚ್ಚದಿದ್ದರೆ ಸೊಳ್ಳೆ ಮೊಟ್ಟೆಯಿಡುತ್ತದೆ. ಪಾತ್ರೆ ತೊಳೆದ ನೀರು ಬಾಳೆಗೆ ಮತ್ತು ಕೆಸವಿಗೆ, ಅಕ್ಕಿ ತೊಳೆದದ್ದು ಕರಿಬೇವಿಗೆ ಹೋಗುತ್ತದೆ.

ಕತ್ತರಿಯನ್ನು ಕೊನೆಗೆ ಎಂದೆ. ಅದಕ್ಕೆ ನಾನು ಒಪ್ಪಿಕೊಂಡಿರುವ ವಿನಾಯಿತಿ ದುಂಡುಮಲ್ಲಿಗೆ ಒಂದೇ. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಹಳೆಯ ಕಡ್ಡಿ ಹಾಗೆಯೇ ಇದ್ದರೆ ಮೊಗ್ಗು ಅಲ್ಲೊಂದು ಇಲ್ಲೊಂದು. ಜನವರಿ ಮೊದಲಿನಿಂದ ಅದಕ್ಕೆ ನೀರು ನಿಲ್ಲಿಸುತ್ತೇನೆ. ಎಲೆ ಬಾಡತೊಡಗಿದಾಗ, ಅಂದರೆ ಹದಿನೈದು ದಿನದ ಮೇಲೆ, ನೆಲದಿಂದ ಒಂದೂವರೆ ಅಡಿ ಬಿಟ್ಟು ಸವರಿ, ಉಳಿದ ಎಲೆಗಳನ್ನು ಕೈಯಿಂದ ತೆಗೆದು, ಬುಡಕ್ಕೆ ಕೊಳೆತ ಕೊಟ್ಟಿಗೆ ಗೊಬ್ಬರ ಕೊಟ್ಟು ಧಾರಾಳವಾಗಿ ನೀರುಣಿಸುತ್ತೇನೆ. ಯುಗಾದಿಯ ಆಸುಪಾಸಿಗೆ ಮೊಗ್ಗು ಕೀಳಲು ಸಿಗುತ್ತದೆ. ಇಡೀ ಹಿತ್ತಲಿನಲ್ಲಿ ನನ್ನ ಬಾವಿ ತಡೆದುಕೊಳ್ಳುವುದು ಆರು ಮಲ್ಲಿಗೆ ಬುಡವನ್ನು ಮಾತ್ರ, ಅಷ್ಟನ್ನೇ ಇಟ್ಟುಕೊಂಡಿದ್ದೇನೆ. ದಾಸವಾಳ, ಸೀಬೆ, ಕರಿಬೇವು ಮೊದಲ ಮಳೆಯವರೆಗೆ ಕಾಯಲಿ. ಈಗ ಸವರಿದರೆ ಎಳೆ ಚಿಗುರು ಹಿಟ್ಟು ತಿಗಣೆಗೆ ಎಲೆ ಹಾಕಿ ಬಡಿಸಿದ ಊಟ. ದಾಸವಾಳದ ಮೇಲೆ ಇರುವೆಗಳ ಸಾಲು ಕಂಡರೆ ತಿಗಣೆ ಬಂದಿದೆ ಎಂದೇ ಅರ್ಥ. ತಿಗಣೆ ಸುರಿಸುವ ಸಿಹಿ ಅಂಟಿಗಾಗಿ ಇರುವೆ ಅವನ್ನು ಕಾಯುತ್ತದೆ. ಕಂಡ ದಿನವೇ ಆ ತುದಿಗಳನ್ನು ಕಿತ್ತು ಸೋಪಿನ ನೀರಿನಲ್ಲಿ ಮುಳುಗಿಸುತ್ತೇನೆ. ಮಾವು ಹೂವು ಬಿಟ್ಟಿರುವ ಈ ದಿನಗಳಲ್ಲಿ ಹಿತ್ತಲಿನಲ್ಲಿ ಕೀಟನಾಶಕ ಮುಟ್ಟುವುದಿಲ್ಲ, ಜೇನು ಅಲ್ಲಿಯೇ ಓಡಾಡುತ್ತಿರುತ್ತದೆ.

ಅಗೆಯುವ ಕೆಲಸವೆಂದರೆ ಅರಿಶಿನದ್ದು. ಎಲೆ ಪೂರ್ತಿ ಒಣಗಿ ನೆಲಕ್ಕೆ ಒರಗಿದ ಮೇಲೆ, ಫೆಬ್ರವರಿಯಲ್ಲಿ, ಕೀಳುತ್ತೇನೆ. ಬೀಜಕ್ಕೆ ಬೇಕಾದ ಗಟ್ಟಿ ಗೆಡ್ಡೆಗಳನ್ನು ನೆರಳಿನಲ್ಲಿ ರಾಶಿ ಹಾಕಿ ಅದರದೇ ಒಣ ಎಲೆ ಮುಚ್ಚಿ, ಉಳಿದದ್ದನ್ನು ಬೇಯಿಸಿ ಒಣಗಿಸುತ್ತೇನೆ. ಖಾಲಿಯಾದ ಆ ಮಡಿಯಲ್ಲಿಯೇ ಸುವರ್ಣಗೆಡ್ಡೆಗೆ ಒಂದೂವರೆ ಅಡಿ ಗುಂಡಿ. ಗೆಡ್ಡೆಯನ್ನು ಹೋಳು ಮಾಡುವಾಗ ನಡುವಿನ ಮೊಳಕೆಯ ತುಂಡು ಪ್ರತಿ ಹೋಳಿಗೂ ಬರಬೇಕು. ಸಗಣಿ ಬಗ್ಗಡದಲ್ಲಿ ಅದ್ದಿ ನೆರಳಿನಲ್ಲಿ ಆರಿಸಿ, ತರಗು ಗೊಬ್ಬರದ ನಡುವೆ ಹೂತುಬಿಟ್ಟರೆ ಮಳೆ ಬರುವವರೆಗೆ ಅದು ತಾನೇ ಕಾಯುತ್ತದೆ.

ಬಿತ್ತನೆ ಈ ಕಾಲಕ್ಕೆ ಕಡಿಮೆ. ಹರಿವೆ, ಬಸಳೆ, ಅಲಸಂದೆ, ಎರಡು ಸಾಲು ಬೆಂಡೆ. ಬೆಂಡೆಯಲ್ಲಿ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ತಳಿಯನ್ನೇ ಹಾಕುತ್ತೇನೆ. ಎಲೆಯ ನರ ಹಳದಿಯಾಗುವ ರೋಗವನ್ನು ಅದು ತಡೆದುಕೊಳ್ಳುವಂತೆ ರೂಪಿಸಿದ ತಳಿ. ಗೋಡೆಗೆ ಸಗಣಿಯಲ್ಲಿ ಮೆತ್ತಿಟ್ಟ ಸೌತೆಬೀಜ, ಬೂದಿಯಲ್ಲಿಟ್ಟ ಹೀರೆ, ಹಾಗಲ ಬೀಜಗಳನ್ನು ಈಗ ಬಿತ್ತುವುದಿಲ್ಲ, ಪರೀಕ್ಷಿಸುತ್ತೇನೆ. ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಒಲೆಯ ಹತ್ತಿರ ಬೆಚ್ಚಗಿಟ್ಟರೆ ವಾರದಲ್ಲಿ ಉತ್ತರ ಸಿಗುತ್ತದೆ. ಏಳಕ್ಕಿಂತ ಕಡಿಮೆ ಮೊಳೆತರೆ ಪಕ್ಕದ ಮನೆಯಲ್ಲಿ ಬೀಜ ಕೇಳಲು ಇನ್ನೂ ಸಮಯವಿರುತ್ತದೆ.

ಮಣ್ಣು ಪರೀಕ್ಷೆಗೂ ಇದೇ ಒಳ್ಳೆಯ ಸಮಯ, ಗೊಬ್ಬರ ಹಾಕುವ ಮೊದಲು. ಏಳೆಂಟು ಕಡೆ ಇಂಗ್ಲಿಷಿನ ‘ವಿ’ ಆಕಾರದಲ್ಲಿ ಒಂದು ಗೇಣು ಅಗೆದು, ಗುಂಡಿಯ ಬದಿಯಿಂದ ಮಣ್ಣು ಕೆರೆದು ಬೆರೆಸಿ, ಅರ್ಧ ಕಿಲೋ ನೆರಳಿನಲ್ಲಿ ಒಣಗಿಸಿ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಟ್ಟಿದ್ದೆ. ರಸಸಾರ (ಪಿಎಚ್) 5.2 ಎಂದು ಬಂತು. ಜೋರು ಮಳೆ ಸುಣ್ಣದಂಶವನ್ನು ತೊಳೆದೊಯ್ಯುವ ನಮ್ಮ ಮಣ್ಣಿಗೆ ಹುಳಿ ಸಹಜ. ಕೃಷಿ ಸುಣ್ಣವನ್ನು ತಂದಿಟ್ಟುಕೊಂಡು ಮಳೆಯ ತೇವ ಬಂದ ಮೇಲೆ ಎರಚುತ್ತೇನೆ, ಒಣ ನೆಲದ ಮೇಲೆ ಅದು ಏನೂ ಕೆಲಸ ಮಾಡುವುದಿಲ್ಲ. ಗೊಬ್ಬರದ ಜೊತೆಗೂ ಬೆರೆಸುವುದಿಲ್ಲ. ಬೆರೆಸಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ.

ಇನ್ನು ಡೇರೆ, ಅಂದರೆ ಡೇಲಿಯಾ ಹೂವಿನ ಗಿಡ. ಈ ಎರಡು ತಿಂಗಳಲ್ಲಿ ನಾನು ಅತಿ ಹೆಚ್ಚು ಸಲ ಬಗ್ಗಿ ನೋಡುವುದು ಡೇರೆ ಗೆಡ್ಡೆಗಳ ಬುಟ್ಟಿಯನ್ನು. ಮೆಕ್ಸಿಕೋದ ಎತ್ತರದ ನಾಡಿನ ಗಿಡ ಇದು. ಮಲೆನಾಡಿನ ಮನೆಯಂಗಳಕ್ಕೆ ಎಷ್ಟು ಹೊಂದಿಕೊಂಡಿದೆಯೆಂದರೆ ಡೇರೆ ಇಲ್ಲದ ಮಳೆಗಾಲವನ್ನು ಇಲ್ಲಿಯ ಹೆಂಗಸರು ಒಪ್ಪುವುದಿಲ್ಲ. ನನ್ನ ಅತ್ತೆಯವರ ಬಳಿ ಹನ್ನೊಂದು ಬಣ್ಣಗಳಿದ್ದವು. ಗಿಡ ಒಣಗಿದ ಮೇಲೆ ಡಿಸೆಂಬರಿನಲ್ಲಿ ಗೆಡ್ಡೆ ಕಿತ್ತು, ಎರಡು ದಿನ ನೆರಳಿನಲ್ಲಿಟ್ಟು, ಮರಳು ಮತ್ತು ಬೂದಿ ಬೆರೆಸಿದ ಬುಟ್ಟಿಯಲ್ಲಿ ಇಡುತ್ತಿದ್ದರು. ಒಲೆಯ ಹೊಗೆಯ ಹತ್ತಿರ ಇಡಬಾರದು, ಗೆಡ್ಡೆ ಒಣಗಿ ಚಕ್ಕೆಯಾಗುತ್ತದೆ. ಸ್ನಾನದ ಕೋಣೆಯ ಬದಿಯಲ್ಲಿ ಇಟ್ಟರೆ ಕೊಳೆಯುತ್ತದೆ. ನಮ್ಮ ಮನೆಯಲ್ಲಿ ಅದಕ್ಕೆ ಸರಿಯಾದ ಜಾಗ ಅಕ್ಕಿ ಕಣಜದ ಹಿಂದಿನ ತಂಪು ಮೂಲೆ.

ಹದಿನೈದು ದಿನಕ್ಕೊಮ್ಮೆ ಒಂದೊಂದನ್ನೂ ಹೊರತೆಗೆದು ಹಿಸುಕಿ ನೋಡುತ್ತೇನೆ. ಮೆತ್ತಗಾಗಿ ವಾಸನೆ ಬಂದದ್ದನ್ನು ಕೂಡಲೇ ಬೇರೆ ಮಾಡುತ್ತೇನೆ. ಸುಕ್ಕು ಬಿದ್ದಿದ್ದರೆ ಮರಳಿನ ಮೇಲೆ ಒಂದು ಅಂಗೈ ನೀರು ಚಿಮುಕಿಸಿದರೆ ಚೇತರಿಸಿಕೊಳ್ಳುತ್ತದೆ. ಆರಂಭದ ವರ್ಷಗಳಲ್ಲಿ ಒಂದು ದೊಡ್ಡ ತಪ್ಪು ಮಾಡಿದ್ದೆ. ಗೆಣಸನ್ನು ಮುರಿದಂತೆ ಗೊಂಚಲಿನಿಂದ ಗೆಡ್ಡೆಗಳನ್ನು ಕತ್ತಿನಲ್ಲಿ ಮುರಿದು ನೆಂಟರಿಗೆಲ್ಲ ಹಂಚಿದೆ. ಒಂದೂ ಮೊಳೆಯಲಿಲ್ಲ. ಡೇರೆಯ ಕಣ್ಣು ಇರುವುದು ಗೆಡ್ಡೆಯ ಮೈಯಲ್ಲಿ ಅಲ್ಲ, ಹಳೆಯ ಕಾಂಡ ಗೆಡ್ಡೆಗೆ ಸೇರುವ ಕತ್ತಿನಲ್ಲಿ. ಕಾಂಡದ ಒಂದು ಚೂರು ಅಂಟಿಕೊಂಡಿರದಿದ್ದರೆ ಗೆಡ್ಡೆ ಎಷ್ಟೇ ದಪ್ಪವಿದ್ದರೂ ಬರಡು. ಅತ್ತೆಯವರ ಹನ್ನೊಂದು ಬಣ್ಣಗಳಲ್ಲಿ ಕಡುನೇರಳೆ ಬಣ್ಣದ್ದು ಆ ವರ್ಷವೇ ನಮ್ಮ ಮನೆಯಿಂದ ಹೋಯಿತು. ಆ ಬಣ್ಣವನ್ನು ಇಂದಿಗೂ ಹುಡುಕುತ್ತಿದ್ದೇನೆ. ಈಗ ಕಣ್ಣು ಉಬ್ಬಿ ಕಾಣಿಸುವವರೆಗೆ ಗೊಂಚಲನ್ನು ಮುಟ್ಟುವುದಿಲ್ಲ. ಮಾರ್ಚ್ ಕೊನೆಗೆ ಕಣ್ಣು ಕೆಂಪಗೆ ಉಬ್ಬುತ್ತದೆ. ಆಗ ಚೂರಿಯಿಂದ ಕಣ್ಣಿನ ಸಮೇತ ಸೀಳಿ, ಕೊಯ್ದ ಜಾಗಕ್ಕೆ ಬೂದಿ ಸವರುತ್ತೇನೆ.

ಹೂಮಳೆಯ ಬಗ್ಗೆ ಒಂದು ಮಾತು. ಮೊದಲ ಮಳೆಗೆ ಎಲ್ಲರ ಮನೆಯಲ್ಲೂ ಸಂಭ್ರಮ. ರೊಬಸ್ಟಾ ಕಾಫಿ ವಾರ, ಒಂಬತ್ತು ದಿನದಲ್ಲಿ ಬೆಳ್ಳಗೆ ಅರಳುತ್ತದೆ, ಊರಿಗೆ ಊರೇ ಘಮ್ಮೆನ್ನುತ್ತದೆ. ಆ ಸಂಭ್ರಮದಲ್ಲಿ ಬಿತ್ತನೆಗೆ ಇಳಿದು ಎರಡು ಸಲ ಬೀಜ ಕಳೆದುಕೊಂಡ ಮೇಲೆ, ಮಳೆ ನಿಂತ ಕೂಡಲೇ ತರಗು ಸರಿಸಿ ಬೆರಳು ಚುಚ್ಚಿ ನೋಡುವುದನ್ನು ಕಲಿತೆ. ಅರ್ಧ ಇಂಚು ಮಳೆಯನ್ನು ಒಣ ತರಗೇ ಕುಡಿದುಬಿಟ್ಟಿರುತ್ತದೆ, ಕೆಳಗಿನ ಮಣ್ಣು ಹುಡಿಹುಡಿ. ಆದ್ದರಿಂದ ಮೋಡ ಕಟ್ಟಿದ ಸಂಜೆ ಗಿಡದ ಸುತ್ತಲಿನ ತರಗನ್ನು ಅಲ್ಲಲ್ಲಿ ಸರಿಸಿ ನೀರು ಇಳಿಯಲು ಬಾಯಿ ಮಾಡಿಕೊಡುತ್ತೇನೆ, ಮಳೆ ನಿಂತ ಬೆಳಗ್ಗೆ ಮತ್ತೆ ಮುಚ್ಚುತ್ತೇನೆ. ಹೂ ಕಚ್ಚಲು ಕಾಫಿಗೆ ಎರಡನೆಯ ಮಳೆ ಬೇಕು. ನನ್ನ ಹಿತ್ತಲಿನ ಬಿತ್ತನೆಗೂ ಅದೇ ಲೆಕ್ಕ. ಮೊದಲ ಮಳೆಗೆ ದಾಸವಾಳ, ಕರಿಬೇವು ಸವರುತ್ತೇನೆ, ಎರಡನೆಯದಕ್ಕೆ ಹೀರೆ, ಹಾಗಲ, ಸೌತೆ.

ಈ ವರ್ಷ ಬುಟ್ಟಿಯಲ್ಲಿ ಹದಿನಾಲ್ಕು ಡೇರೆ ಗೊಂಚಲುಗಳಿವೆ. ನಿನ್ನೆ ನೋಡಿದಾಗ ಒಂಬತ್ತರಲ್ಲಿ ಕಣ್ಣು ಉಬ್ಬಿತ್ತು. ಎರಡನ್ನು ಕೆಳಗಿನ ಮನೆಯವರಿಗೆ ತೆಗೆದಿಟ್ಟಿದ್ದೇನೆ. ಅವರ ಅಂಗಳದಲ್ಲಿ ಹಿಂದೊಮ್ಮೆ ಕಡುನೇರಳೆ ಡೇರೆ ಇತ್ತು ಎಂದು ಯಾರೋ ಹೇಳಿದರು. ಗೆಡ್ಡೆ ಕೊಡಲು ಹೋದಾಗ ಕೇಳಬೇಕು.